ಅಂಗೋರಾ ಹೋತ ಬರುತ್ತಿದ್ದಾನೆ: ಮೊದಲ ತಿಂಗಳು ಹೇಗೆ ನೋಡಿಕೊಳ್ಳಲಿ?

ಕೈನೂಲು:

ಎಲ್ಲರಿಗೂ ನಮಸ್ಕಾರ. ಇನ್ನು ಸ್ವಲ್ಪ ದಿನಕ್ಕೆ ನಮ್ಮ ಮನೆಗೆ ಒಂದು ಅಂಗೋರಾ ಹೋತ ಬರುತ್ತಿದ್ದಾನೆ. ಬೀಜ ಒಡೆಸಿದ ಹೋತ. ವಯಸ್ಸು ಒಂದು ವರ್ಷ ದಾಟಿದೆ. ಬಿಳಿ ಬಣ್ಣ, ಹಿಂದಕ್ಕೆ ಬಾಗಿದ ಕೊಂಬು, ಮೈತುಂಬಾ ಗುಂಗುರು ಕೂದಲು. ಹೋದ ಸಲ ಕತ್ತರಿಸಿ ನಾಲ್ಕು ತಿಂಗಳಾಗಿದೆಯಂತೆ. ಎಳೆ ಈಗಲೇ ನನ್ನ ನಡುಬೆರಳಿನಷ್ಟು ಉದ್ದ ಇದೆ.

ನಾನು ನೂಲುವವಳು. ಇಷ್ಟು ವರ್ಷ ಯಾರೋ ತೊಳೆದು ಬಾಚಿ ಕೊಟ್ಟ ಮೊಹೇರ್, ಅಂದರೆ ಅಂಗೋರಾ ಆಡಿನ ಕೂದಲು, ತಂದು ನೂತಿದ್ದೇನೆ. ಅದು ಯಾವ ಪ್ರಾಣಿಯದ್ದು, ಏನು ತಿಂದುಕೊಂಡಿತ್ತು, ಎಂಥ ಸ್ವಭಾವದ್ದು, ಒಂದೂ ತಿಳಿಯುತ್ತಿರಲಿಲ್ಲ. ಕರೆದರೆ ತಿರುಗಿ ನೋಡುವ ಒಂದು ಜೀವದ ಕೂದಲನ್ನು ನಾನೇ ಕತ್ತರಿಸಿ, ನಾನೇ ತೊಳೆದು, ನಾನೇ ನೂಲಬೇಕು ಅನ್ನೋದು ಬಹಳ ದಿನದ ಆಸೆ. ಅದಕ್ಕೇ ಇವನು.

ಆಡು ಸಾಕಾಣಿಕೆ ನನಗೆ ಹೊಸದಲ್ಲ. ಹಾಲಿನ ಆಡುಗಳು ಮೂರಿವೆ. ಒಂದು ಮುದುಕಿ, ಅವಳ ಮಗಳು, ಮತ್ತೆ ಇವರಿಬ್ಬರಿಗೂ ಹೆದರಿಕೊಂಡೇ ಇರುವ ಇನ್ನೊಬ್ಬಳು. ಇವರನ್ನು ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಸಲ ನೋಡಿದರೆ ಸಾಕು, ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗುತ್ತದೆ. ಹೊಟ್ಟೆ ಒಳಗೆ ಹೋಗಿರುತ್ತದೆ, ಕೂದಲು ಎದ್ದಿರುತ್ತದೆ, ನಿಂತ ರೀತಿಯೇ ಬೇರೆ ಇರುತ್ತದೆ.

ಇವನನ್ನು ನೋಡೋಕೆ ಹೋದಾಗ ಆ ಕಣ್ಣು ಕೆಲಸಕ್ಕೇ ಬರಲಿಲ್ಲ. ದುಂಡಗೆ, ಚೆನ್ನಾಗಿ ಮೈ ಹಿಡಿದವನ ಹಾಗೆ ಕಂಡ. ಬೆನ್ನ ಮೇಲೆ ಕೈ ಇಟ್ಟರೆ ಕೂದಲೇ ಕೂದಲು. ಹಣೆಯ ಕೂದಲು ಕಣ್ಣಿನ ಮೇಲೆ ಬಿದ್ದಿತ್ತು. ಪಕ್ಕದಿಂದ ಹೋದರೆ ಬೆಚ್ಚಿ ಬೀಳುತ್ತಿದ್ದ. ಎದುರಿಂದ ಹೋಗಿ ಮಾತಾಡಿಸಿದೆ. ಕೈ ಮೂಸಿ ಸುಮ್ಮನೆ ನಿಂತ. ಮನಸ್ಸಿಗೆ ಬಹಳ ಹಿಡಿಸಿಬಿಟ್ಟ.

ನನ್ನ ಪ್ರಶ್ನೆಗಳು ಇವು. ಬಂದ ಮೇಲೆ ಅವನನ್ನು ಎಷ್ಟು ದಿನ ಬೇರೆ ಇಡಬೇಕು? ಒಂಟಿಯಾಗಿ ಇಟ್ಟರೆ ಕೊರಗುವುದಿಲ್ಲವಾ? ಹಾಲಿನ ಆಡುಗಳಿಗೆ ಕೊಡುವ ಹಿಂಡಿಯನ್ನೇ ಇವನಿಗೂ ಕೊಡಬಹುದಾ? ಕೊಡುವವರು "ಬೇಕಿದ್ದರೆ ಕೂದಲು ಕತ್ತರಿಸಿಯೇ ಕಳಿಸುತ್ತೇವೆ" ಅಂದಿದ್ದಾರೆ. ಒಪ್ಪಲಾ, ಬೇಡವಾ? ನಮ್ಮ ಕೊಟ್ಟಿಗೆಯಲ್ಲಿ ಕೆಳಗೆ ಮರದ ಹೊಟ್ಟು ಹಾಸುತ್ತೇನೆ, ಹುಲ್ಲಿನ ಬಲೆ ಮೇಲೆ ತೂಗುಹಾಕಿದ್ದೇನೆ. ಅದನ್ನೇನಾದರೂ ಬದಲಿಸಬೇಕಾ? ಕೂದಲಿನ ಆಡು ಸಾಕಿದವರು ದಯವಿಟ್ಟು ಹೇಳಿ. ಸಣ್ಣ ವಿಷಯ ಅಂತ ಬಿಡಬೇಡಿ.

ಹಳೇಮಂದೆ:

ಅಕ್ಕ, ಒಳ್ಳೆಯ ಸುದ್ದಿ. ನೀವು ಬರೆದಿದ್ದರಲ್ಲಿ ಮುಖ್ಯವಾದ ಮಾತು ಒಂದಿದೆ, "ಆ ಕಣ್ಣು ಕೆಲಸಕ್ಕೆ ಬರಲಿಲ್ಲ" ಅಂತ. ಅಂಗೋರಾ ಸಾಕುವುದರಲ್ಲಿ ಅರ್ಧ ವಿಷಯ ಅದೇ. ಇವುಗಳನ್ನು ಕೈಯಲ್ಲಿ ನೋಡಬೇಕು.

ಕಾರಣ ಹೇಳುತ್ತೇನೆ. ಅಂಗೋರಾ ಆಡಿಗೆ ಕೂದಲು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ. ತಿಂದದ್ದರಲ್ಲಿ ಮೊದಲ ಪಾಲು ಕೂದಲಿಗೇ ಹೋಗುತ್ತದೆ. ಮೇವು ಕಡಿಮೆಯಾದರೂ, ಹೊಟ್ಟೆಯಲ್ಲಿ ಜಂತು ತುಂಬಿದ್ದರೂ, ಕೂದಲು ಬೆಳೆಯುತ್ತಲೇ ಇರುತ್ತದೆ, ಮೈ ಕರಗುತ್ತಾ ಹೋಗುತ್ತದೆ. ಹೊರಗಿನಿಂದ ದುಂಡಗೇ ಕಾಣುತ್ತದೆ. ಒಂದು ದಿನ ಕತ್ತರಿಸಿದಾಗ ಒಳಗೆ ಬರೀ ಮೂಳೆ. ಇಂಥದ್ದು ನಾನು ಬೇರೆ ಬೇರೆ ಮಂದೆಗಳಲ್ಲಿ ಕಂಡಿದ್ದೇನೆ, ಕಂಡಾಗೆಲ್ಲ ಹೊಟ್ಟೆ ಉರಿದಿದೆ.

ಹಾಗಾಗಿ ಬಂದ ದಿನವೇ ಕೂದಲು ಸರಿಸಿ ಬೆರಳು ಒಳಗೆ ಇಳಿಸಿ. ಸೊಂಟದ ಹತ್ತಿರ, ಪಕ್ಕೆಲುಬು ಮುಗಿಯುವ ಕಡೆಯಿಂದ ಹಿಂದಕ್ಕೆ ಬೆನ್ನುಮೂಳೆಯನ್ನು ಮುಟ್ಟಿ ನೋಡಿ. ಮೂಳೆಯ ತುದಿ ಚೂಪಾಗಿ ಚುಚ್ಚಿದರೆ ಸೊರಗಿದ್ದಾನೆ ಅಂತ. ಗುಂಡಗೆ, ಸ್ವಲ್ಪ ಒತ್ತಿದರೆ ಸಿಗುವ ಹಾಗಿದ್ದರೆ ಸರಿಯಾಗಿದ್ದಾನೆ. ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಜಾಸ್ತಿ. ಎದೆಮೂಳೆಯ ಮೇಲೂ ಹೀಗೇ ನೋಡಿ. ಇದನ್ನು ವಾರ ವಾರ ಮಾಡಿ, ಬರೆದಿಡಿ. ಸಾಧ್ಯವಾದರೆ ತೂಕವನ್ನೂ ಹಾಕಿ.

ಇನ್ನು ಕಣ್ಣು. ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ, ಬೆಳಕಿನಲ್ಲಿ. ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ಬಿಳಿಚಿದ್ದರೆ ರಕ್ತ ಹೀರುವ ಜಂತು ಇದೆ ಅಂತ ಅನುಮಾನ ಪಡಬೇಕು. ಹಿಮಾಂಕಸ್ ಅನ್ನುವ ಜಂತು ಅದು, ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕಂತಲೇ ಒಂದು ಬಣ್ಣದ ಪಟ್ಟಿ ಮಾಡಿದ್ದಾರೆ, ಫಮಾಚಾ ಅಂತ. 1 ಅಂದರೆ ಒಳ್ಳೆ ಕೆಂಪು, 5 ಅಂದರೆ ಬಿಳಿ. 4, 5 ಬಂದರೆ ಔಷಧಿ ಬೇಕೇ ಬೇಕು. ಆಡಿನಲ್ಲಿ 3 ಬಂದರೂ ನಾನು ತಡ ಮಾಡುವುದಿಲ್ಲ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದೆಯಾ ಅಂತಲೂ ನೋಡಿ. ಅಂಗೋರಾದ ಗಡ್ಡದ ಕೂದಲಲ್ಲಿ ಅದು ಕಾಣಿಸುವುದಿಲ್ಲ, ಅಲ್ಲಿಗೂ ಕೈ ಹಾಕಬೇಕು.

ಕಿವಿಯ ಕೆಳಗೆ, ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮುಂದೆ ಗಂಟು ಇದೆಯಾ ಸವರಿ ನೋಡಿ. ಗಂಟಿದ್ದರೆ ಒಡೆಯಬೇಡಿ, ಪಶುವೈದ್ಯರನ್ನು ಕರೆಸಿ. ಕೀವುಗಡ್ಡೆಯ ರೋಗ ಒಂದಿದೆ. ಆ ಕೀವು ನೆಲಕ್ಕೆ ಬಿದ್ದರೆ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಹಾಲಿನ ಆಡುಗಳಿಗೆ ಅದು ಅಂಟಿದರೆ ಮಂದೆಯಿಂದ ಓಡಿಸುವುದು ಬಹಳ ಕಷ್ಟ. ಬರುವ ಮೊದಲೇ ರಕ್ತ ಪರೀಕ್ಷೆ ಮಾಡಿಸೋಕೆ ಆಗುತ್ತದಾ ಕೇಳಿ. ಸಿಎಇ (ಕೀಲು ಊದಿಸುವ ವೈರಸ್ ರೋಗ), ಜೋನ್ಸ್ (ಕರುಳಿಗೆ ಹಿಡಿದು ಮೈ ಸೊರಗಿಸುವ ರೋಗ), ಈ ಕೀವುಗಡ್ಡೆ, ಮೂರನ್ನೂ ಕೇಳಿ. ಕೊಡುವವರು ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇರೆ ಇಡುವುದು ಕಡಿಮೆ ಅಂದರೂ 30 ದಿನ. ಬೇರೆ ಅಂದರೆ ನಿಜವಾಗಲೂ ಬೇರೆ. ಮೂತಿಗೆ ಮೂತಿ ತಾಗುವ ಹಾಗೆ ಒಂದೇ ಬೇಲಿ ಇರಬಾರದು. ನೀರಿನ ತೊಟ್ಟಿ ಬೇರೆ, ಬಕೆಟ್ ಬೇರೆ, ಪೊರಕೆ ಬೇರೆ. ಮೊದಲು ನಿಮ್ಮ ಆಡುಗಳ ಕೆಲಸ ಮುಗಿಸಿ, ಕೊನೆಗೆ ಅವನ ಹತ್ತಿರ ಹೋಗಿ. ಅಲ್ಲಿಗೆ ಒಂದು ಜೊತೆ ಚಪ್ಪಲಿ ಬೇರೆ ಇಟ್ಟುಕೊಳ್ಳಿ. ಬಾಯಿಯ ಸುತ್ತ ಹುಣ್ಣು, ಹಕ್ಕಳೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಓರ್ಫ್ ಅನ್ನುವ ಬಾಯಿಹುಣ್ಣು ಮನುಷ್ಯರ ಕೈಗೂ ಬರುತ್ತದೆ.

ಜ್ವರ ನೋಡುವುದು ನಿಮಗೆ ಗೊತ್ತೇ ಇರುತ್ತದೆ. 38.5 ರಿಂದ 39.5 ಡಿಗ್ರಿ ಸೆಲ್ಸಿಯಸ್ ಸಹಜ. ಬಿಸಿಲು ಜಾಸ್ತಿ ಇದ್ದರೆ, ಕೂದಲು ದಟ್ಟ ಇದ್ದರೆ, ಸ್ವಲ್ಪ ಮೇಲೆ ಇರಬಹುದು. ಪಯಣದ ನಂತರದ ಒಂದೆರಡು ವಾರ ಕೆಮ್ಮು, ಮೂಗಿನ ಸಿಂಬಳ, ಉಸಿರಾಟ ಗಮನಿಸಿ. ಸುಸ್ತಾದ ಆಡಿಗೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ.

ಮೇವಿನ ವಿಷಯ ಬೇರೆಯೇ ಬರೆಯುತ್ತೇನೆ, ಅದು ಉದ್ದ ಇದೆ.

ಬೆಟ್ಟದಂಚು:

ಇಷ್ಟೆಲ್ಲ ಯಾಕೆ? ಬಂದ ದಿನವೇ ಜಂತಿನ ಔಷಧಿ ಕುಡಿಸಿಬಿಡಿ. ಇದ್ದರೆ ಸಾಯುತ್ತವೆ, ಇಲ್ಲದಿದ್ದರೆ ನಷ್ಟ ಇಲ್ಲ. ನಾವು ಯಾವಾಗಲೂ ಹಾಗೇ ಮಾಡುವುದು.

ಹಳೇಮಂದೆ:

ಅಣ್ಣಾ, ಔಷಧಿ ಬೇಡ ಅಂತ ನಾನು ಹೇಳುತ್ತಿಲ್ಲ. ಕುಡಿಸಿ ಸುಮ್ಮನಾಗಬೇಡಿ ಅಂತ ಹೇಳುತ್ತಿದ್ದೇನೆ. ಆ ಮಂದೆಯ ಜಂತುಗಳಿಗೆ ಆ ಔಷಧಿ ಬಗ್ಗದಿದ್ದರೆ? ಸಾಯದೆ ಉಳಿದವು ನಿಮ್ಮ ಹುಲ್ಲುಗಾವಲಿಗೆ ಇಳಿಯುತ್ತವೆ. ಆಮೇಲೆ ನಿಮ್ಮ ಮನೆಯ ಆಡುಗಳಿಗೂ ಆ ಔಷಧಿ ಕೆಲಸಕ್ಕೆ ಬರುವುದಿಲ್ಲ. ಹೊಸ ಆಡಿನ ಜೊತೆ ಬರುವ ದೊಡ್ಡ ತೊಂದರೆ ಇದೇ ಅನ್ನುವುದು ನನ್ನ ಅಭಿಪ್ರಾಯ.

ಬಂದ ಕೂಡಲೇ ಹಸಿ ಹಿಕ್ಕೆ ಹಿಡಿದು ಪರೀಕ್ಷೆಗೆ ಕೊಡಬೇಕು. ಒಂದು ಗ್ರಾಂನಲ್ಲಿ ಮೊಟ್ಟೆ ಎಷ್ಟಿದೆ ಅಂತ ಎಣಿಸಿ ಹೇಳುತ್ತಾರೆ. ಪಶುವೈದ್ಯರು ಹೇಳಿದ ಔಷಧಿ, ಹೇಳಿದಷ್ಟು ಪ್ರಮಾಣ, ಸರಿಯಾಗಿ ತೂಕ ನೋಡಿ ಕೊಡಬೇಕು. ಎಷ್ಟೋ ಔಷಧಿಗಳು ಕುರಿಗಿಂತ ಆಡಿನ ಮೈಯಿಂದ ಬೇಗ ಹೊರಟುಹೋಗುತ್ತವೆ. ಅದಕ್ಕೇ ಕುರಿಯ ಲೆಕ್ಕದಲ್ಲಿ ಕೊಟ್ಟರೆ ಆಡಿಗೆ ಕಡಿಮೆಯಾಗುತ್ತದೆ. ಕಡಿಮೆ ಕೊಟ್ಟಷ್ಟೂ ಜಂತು ಗಟ್ಟಿಯಾಗುತ್ತವೆ. ಔಷಧಿ ಕೊಟ್ಟು 10 ರಿಂದ 14 ದಿನಕ್ಕೆ ಮತ್ತೆ ಹಿಕ್ಕೆ ಪರೀಕ್ಷೆ. ಮೊಟ್ಟೆ ನೂರಕ್ಕೆ 95 ಪಾಲಾದರೂ ಇಳಿದಿರಬೇಕು. ಅಲ್ಲಿಯವರೆಗೂ ಹುಲ್ಲುಗಾವಲಿಗೆ ಬಿಡಬಾರದು. ಆ ಹಿಕ್ಕೆಯನ್ನು ಆಡು ಮೇಯದ ಕಡೆ ಗೊಬ್ಬರ ಮಾಡಿ.

ಹೇನಿನದ್ದೂ ಇಂಥದ್ದೇ ಲೆಕ್ಕ. ಔಷಧಿಗೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಸುಮಾರು ಎರಡು ವಾರಕ್ಕೆ ಅದು ಒಡೆದು ಮರಿ ಬರುತ್ತದೆ, ಆಗ ಎರಡನೇ ಸಲ ಹಾಕಬೇಕು. ಉದ್ದ ಕೂದಲಿರುವಾಗ ಬೆನ್ನ ಮೇಲೆ ಸುರಿಯುವ ಔಷಧಿ ಚರ್ಮಕ್ಕೆ ಮುಟ್ಟುವುದೇ ಇಲ್ಲ, ಕೂದಲಲ್ಲೇ ಉಳಿಯುತ್ತದೆ. ಕೂದಲು ಸೀಳಿ ಚರ್ಮಕ್ಕೇ ಹಾಕಬೇಕು, ಇಲ್ಲವೇ ಕತ್ತರಿಸಿದ ಮೇಲೆ ಹಾಕಬೇಕು. ಬೇಲಿಗೆ ಮೈ ಉಜ್ಜುತ್ತಿದ್ದರೆ, ಕೂದಲು ಅಲ್ಲಲ್ಲಿ ಕಿತ್ತು ಗಂಟುಗಂಟಾಗಿದ್ದರೆ ಹೇನಿದೆ ಅಂತಲೇ ತಿಳಿಯಿರಿ. ಅಕ್ಕ, ನಿಮ್ಮ ತಲೆಗೆ ಬರುತ್ತದೆ ಅಂತ ಹೆದರಬೇಡಿ. ಆಡಿನ ಹೇನು ಮನುಷ್ಯರ ಮೇಲೆ ಬದುಕುವುದಿಲ್ಲ.

ಈಗ ಮೇವು. ನೀವು ಕೇಳಿದ ಪ್ರಶ್ನೆಗೆ ಉತ್ತರ, ಹಾಲಿನ ಆಡಿನ ಹಿಂಡಿ ಇವನಿಗೆ ಕೊಡಬೇಡಿ. ಬೀಜ ಒಡೆಸಿದ ಹೋತಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುವ ಅಪಾಯ ಇದೆ. ಕಾಳು, ತೌಡು, ಬೂಸಾ ಇವುಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ಅದು ಜಾಸ್ತಿಯಾದರೆ ಹರಳು ಕಟ್ಟುತ್ತದೆ. ಹೆಣ್ಣಾಡಿಗೆ ಹರಳು ಹೊರಗೆ ಹೋಗಿಬಿಡುತ್ತದೆ. ಹೋತನ ಮೂತ್ರನಾಳ ಸಣ್ಣದು, ಅಂಕುಡೊಂಕು, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತೀರಾ ಎಳೆಯದರಲ್ಲೇ ಬೀಜ ಒಡೆಸಿದ್ದರೆ ನಾಳ ಇನ್ನೂ ಸಣ್ಣ ಇರುತ್ತದೆ. ಒಟ್ಟು ಮೇವಿನಲ್ಲಿ ರಂಜಕದ ಎರಡರಷ್ಟು ಸುಣ್ಣದ ಅಂಶ ಇರಬೇಕು ಅನ್ನುವುದು ಲೆಕ್ಕ. ನೀರು ಸದಾ ಶುದ್ಧ ಇರಲಿ, ಉಪ್ಪಿನ ಗಟ್ಟಿ ಇರಲಿ. ಉಪ್ಪು ನೆಕ್ಕಿದರೆ ನೀರು ಜಾಸ್ತಿ ಕುಡಿಯುತ್ತಾನೆ.

ಅವನು ಮೈ ಚಾಚಿ ನಿಂತು ತಿಣುಕುತ್ತಿದ್ದರೆ, ಬಾಲ ಆಡಿಸುತ್ತಾ ಅರಚಿದರೆ, ಮೂತ್ರ ಹನಿ ಹನಿ ಬಂದರೆ, ಅಥವಾ ಬಾರದೇ ಇದ್ದರೆ, ಅದೇ ಗಳಿಗೆ ಪಶುವೈದ್ಯರಿಗೆ ಫೋನ್ ಮಾಡಿ. ಮಲಬದ್ಧತೆ ಇರಬೇಕು ಅಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಮೂತ್ರಕೋಶ ಒಡೆದರೆ ಉಳಿಸುವುದು ತುಂಬಾ ಕಷ್ಟ.

ಹಿಂಡಿ ಕಡಿಮೆ ಅಂದೆ ಅಂತ ಬರೀ ಒಣಕಡ್ಡಿ ಹಾಕಬೇಡಿ. ಕೂದಲು ಅಂದರೆ ಪ್ರೊಟೀನ್. ಒಳ್ಳೆಯ ಎಲೆಯಿರುವ ಹುಲ್ಲು, ಸೊಪ್ಪು ಬೇಕು. ಅಲ್ಲಿ ತಿನ್ನುತ್ತಿದ್ದ ಹುಲ್ಲನ್ನೇ ಒಂದೆರಡು ಹೊರೆ ಜೊತೆಯಲ್ಲಿ ತಂದುಬಿಡಿ. ಮೊದಲ ದಿನಗಳಲ್ಲಿ ಅದನ್ನೇ ಹಾಕಿ. ಆಮೇಲೆ 7 ರಿಂದ 10 ದಿನದಲ್ಲಿ ನಿಮ್ಮದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಹೊಟ್ಟೆಯಲ್ಲಿ ಮೇವು ಅರಗಿಸುವುದು ಸೂಕ್ಷ್ಮಜೀವಿಗಳು. ಅವು ಹೊಸ ಮೇವಿಗೆ ಒಗ್ಗಿಕೊಳ್ಳೋಕೆ ಅಷ್ಟು ದಿನ ಬೇಕು. ಎಡ ಹೊಟ್ಟೆಯ ಗುಳಿಯ ಮೇಲೆ ಅಂಗೈ ಇಟ್ಟು ನಿಂತುಕೊಳ್ಳಿ. ನಿಮಿಷಕ್ಕೆ ಒಂದೋ ಎರಡೋ ಸಲ ಒಳಗಿನಿಂದ ಅಲೆ ಎದ್ದು ಕೈಯನ್ನು ತಳ್ಳಬೇಕು. ತಳ್ಳುತ್ತಿದ್ದರೆ, ಮೆಲುಕು ಹಾಕುತ್ತಿದ್ದರೆ, ಹೊಟ್ಟೆ ಸರಿಯಾಗಿದೆ.

ಖನಿಜ ಮಿಶ್ರಣ ತರುವಾಗ ಒಂದು ಎಚ್ಚರ. ಆಡಿಗೆ ತಾಮ್ರ ಬೇಕು, ಕುರಿಗೆಂದು ಮಾಡಿದ್ದರಲ್ಲಿ ಅದು ಸಾಕಷ್ಟು ಇರುವುದಿಲ್ಲ. ಆದರೆ ಅಂಗೋರಾಗೆ ಬೇರೆ ಆಡುಗಳಿಗಿಂತ ತಾಮ್ರ ಬೇಗ ವಿಷವಾಗುತ್ತದೆ. ಹಾಲಿನ ಆಡಿಗೆ ಪ್ರತ್ಯೇಕ ತಾಮ್ರದ ಗುಳಿಗೆ ಕೊಡುವವರಿದ್ದಾರೆ. ಅದನ್ನು ಇವನಿಗೆ ಕೇಳದೆ ಕೊಡಬೇಡಿ.

ಲಸಿಕೆ ಯಾವುದು ಆಗಿದೆ ಅಂತ ಬರೆಸಿಕೊಳ್ಳಿ. ಕರುಳುಬೇನೆ, ಧನುರ್ವಾಯು ಇವೆರಡು ಎಲ್ಲ ಕಡೆ ಬೇಕಾದವು. ಆಗಿದೆಯೋ ಇಲ್ಲವೋ ಖಚಿತ ಇಲ್ಲದಿದ್ದರೆ 3-4 ವಾರ ಬಿಟ್ಟು ಎರಡು ಸಲ ಹಾಕಿಸಬೇಕಾಗುತ್ತದೆ. ಉಳಿದದ್ದು ನಿಮ್ಮ ಕಡೆ ಯಾವ ರೋಗ ಇದೆ ಅನ್ನುವುದರ ಮೇಲೆ ಪಶುವೈದ್ಯರು ಹೇಳುತ್ತಾರೆ.

ಎಳೆಎಳೆ:

ನಾನೂ ನೂಲುವವಳೇ ಅಕ್ಕ. ಕೂದಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮರದ ಹೊಟ್ಟನ್ನು ಇವತ್ತೇ ತೆಗೆದುಹಾಕಿ. ಅದರ ಒಂದೊಂದು ಚೂರೂ ಗುಂಗುರಿನ ಒಳಗೆ ಹೊಕ್ಕು ಕೂರುತ್ತದೆ. ತೊಳೆದರೆ ಹೋಗದು, ಬಾಚಿದರೆ ಹೋಗದು. ನೂಲುವಾಗ ಬೆರಳಿಗೆ ಸಿಕ್ಕಿ ಸಿಕ್ಕಿ ಜೀವ ತಿನ್ನುತ್ತದೆ. ಉದ್ದ ಕಡ್ಡಿಯ ಒಣಹುಲ್ಲು ಹಾಸಿ. ಹಲಗೆಯ ಅಟ್ಟಣೆ ಮಾಡಿದರೆ ಇನ್ನೂ ಒಳ್ಳೆಯದು, ಹಿಕ್ಕೆ, ಗಂಜಲ ಕೆಳಗೆ ಹೋಗುತ್ತದೆ, ಹೊಟ್ಟೆಯ ಕೂದಲು ಹಳದಿಯಾಗುವುದಿಲ್ಲ.

ಹುಲ್ಲಿನ ಬಲೆಯನ್ನೂ ಇಳಿಸಿ. ತಲೆಗಿಂತ ಮೇಲೆ ಹುಲ್ಲು ಇದ್ದರೆ ಎಳೆದಾಗೆಲ್ಲ ಕಸ ಕತ್ತಿನ ಮೇಲೆ ಉದುರುತ್ತದೆ. ಅಂಗೋರಾದ ಕತ್ತು, ಭುಜದ ಕೂದಲು ಎಷ್ಟು ಚೆನ್ನಾಗಿರುತ್ತದೆ! ಹಾಳಾಗುವುದೂ ಅದೇ. ಅಲ್ಲದೆ ಕೊಂಬಿನ ಆಡಿಗೆ ಬಲೆ ಅಪಾಯ, ಕೊಂಬು ಸಿಕ್ಕಿಕೊಂಡು ಉಸಿರುಗಟ್ಟಬಹುದು. ಎದೆಯ ಮಟ್ಟಕ್ಕೆ ಗೋದಲಿ ಮಾಡಿ, ಮುಂದೆ ಉದ್ದುದ್ದ ಕಂಬಿ ಇರಲಿ. ತಲೆ ಒಳಗೆ ಇಟ್ಟು ತಿನ್ನುವ ಹಾಗಿದ್ದರೆ ಕಸ ಗೋದಲಿಯಲ್ಲೇ ಉಳಿಯುತ್ತದೆ. ಬೇಲಿಯ ತಂತಿಬಲೆಯನ್ನೂ ನೋಡಿ. ತಲೆ ತೂರುವಷ್ಟು ದೊಡ್ಡ ಕಣ್ಣಿದ್ದರೆ ತಲೆ ಹೋಗುತ್ತದೆ, ಕೊಂಬು ವಾಪಸ್ ಬರುವುದಿಲ್ಲ. ಅಂಥ ಕಡೆ ಸಣ್ಣ ಕಣ್ಣಿನ ಬಲೆ ಹೊಡೆಯಿರಿ.

ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಹುರಿ ಅವನ ಹತ್ತಿರ ಬೇಡವೇ ಬೇಡ. ಹುರಿ ಸವೆದು ಎಳೆ ಎಳೆ ಬಿಡುತ್ತದೆ. ಅದು ಮೊಹೇರ್ ಜೊತೆ ಸೇರಿದರೆ ಬಣ್ಣ ಹಾಕುವವರೆಗೂ ಕಾಣುವುದಿಲ್ಲ. ಬಣ್ಣ ಹಾಕಿದ ಮೇಲೆ ಅಲ್ಲಲ್ಲಿ ಬೆಳ್ಳಗೆ ಗೆರೆ ಉಳಿಯುತ್ತದೆ. ಕತ್ತರಿಸಿದ ಕೂದಲನ್ನು ಹತ್ತಿಬಟ್ಟೆಯ ಚೀಲದಲ್ಲಿಯೋ ಕಾಗದದ ಚೀಲದಲ್ಲಿಯೋ ಇಡಿ, ಒದ್ದೆ ಇಲ್ಲದಂತೆ.

ಈಗ ಕತ್ತರಿಸಿ ಕಳಿಸಲಾ ಅಂತ ಕೇಳಿದ್ದಾರೆ ಅಂದಿರಿ. ಬೇಡ ಅನ್ನುತ್ತೇನೆ ನಾನು. ಎರಡು ಕಾರಣ. ಅಂಗೋರಾಗೆ ಕೊಬ್ಬಿನ ಪದರ ಕಡಿಮೆ, ಬಟ್ಟೆ ತೆಗೆದ ಹಾಗೆ ಕೂದಲು ತೆಗೆದರೆ ಚಳಿ ನೇರ ಮೈಗೆ ಇಳಿಯುತ್ತದೆ. ಕತ್ತರಿಸಿ ಒಂದು ತಿಂಗಳು ದಾಟಿದ್ದರೂ ಮಳೆ ಮತ್ತು ಗಾಳಿ ಎರಡೂ ಒಟ್ಟಿಗೆ ಬಡಿದರೆ ಸಾಯುವ ಆಡುಗಳಿವೆ. ಬೇಸಿಗೆಯಲ್ಲೂ ಒಂದು ತಣ್ಣನೆಯ ಮಳೆ ಸಾಕು. ಹೊಸ ಜಾಗ, ಹೊಸ ಮೇವು, ಗಾಡಿಯಲ್ಲಿ ಪಯಣ, ಇದರ ಜೊತೆಗೆ ಅದೂ ಯಾಕೆ? ಇನ್ನೊಂದು, ಕತ್ತರಿಸುವ ಯಂತ್ರದ ಅಲಗಿನಿಂದ ಕೀವುಗಡ್ಡೆಯ ರೋಗ ಒಂದರಿಂದ ಒಂದಕ್ಕೆ ಹರಡುತ್ತದೆ. ಮಂದೆಯನ್ನೆಲ್ಲ ಸಾಲಾಗಿ ಕತ್ತರಿಸುವ ಅಲಗಿಗಿಂತ ನಿಮ್ಮ ಮನೆಯ ಶುದ್ಧ ಅಲಗೇ ವಾಸಿ. ಹೇಗಿದ್ದರೂ ವರ್ಷಕ್ಕೆ ಎರಡು ಸಲ ಕತ್ತರಿಸುವುದು. ಇನ್ನೆರಡು ತಿಂಗಳಲ್ಲಿ ಸಮಯ ಬಂದೇ ಬರುತ್ತದೆ, ಅಷ್ಟರಲ್ಲಿ ಎಳೆಯೂ 12 ಸೆಂಟಿಮೀಟರ್ ಹತ್ತಿರ ಬಂದಿರುತ್ತದೆ.

ಆದರೆ ಕಣ್ಣಿನ ಮೇಲಿನ ಕೂದಲನ್ನು ಮಾತ್ರ ಬಂದ ದಿನವೇ ಕತ್ತರಿಸಿ. ಮೊಂಡ ತುದಿಯ ಕತ್ತರಿ ಸಾಕು. ಅವನು ಬೆಚ್ಚುತ್ತಿದ್ದದ್ದು ಹೆದರುಪುಕ್ಕಲ ಅಂತ ಅಲ್ಲ, ಪಾಪ, ಅವನಿಗೆ ಕಾಣುತ್ತಿರಲಿಲ್ಲ. ಗೋದಲಿ ಎಲ್ಲಿದೆ, ಯಾರು ಹಾಯಲು ಬರುತ್ತಿದ್ದಾರೆ ಅಂತ ನೋಡಲು ಅವನಿಗೆ ಕಣ್ಣು ಬೇಕು. ಮೂತ್ರ ಹೋಗುವ ಜಾಗದ ಸುತ್ತಲಿನ ಕೂದಲನ್ನೂ ತೆಗೆಯಿರಿ. ಗಂಜಲದಲ್ಲಿ ನೆನೆದು ಹುಣ್ಣಾಗುತ್ತದೆ, ನೊಣ ಕೂತು ಹುಳು ಬೀಳುತ್ತದೆ.

ನಿಮ್ಮ ಮಾತು ಓದಿ ಒಂದು ಹಳೆಯ ವಿಷಯ ನೆನಪಾಯಿತು. ಈ ಆಡಿನ ಮೂಲ ಟರ್ಕಿಯ ಅಂಕಾರಾ ಸುತ್ತಮುತ್ತ. ಹೊರಗೆ ಕೊಡಲು ಅವರಿಗೆ ಬಹಳ ಕಾಲ ಮನಸ್ಸಿರಲಿಲ್ಲ. 1838ರಲ್ಲಿ ದಕ್ಷಿಣ ಆಫ್ರಿಕಾಕ್ಕೆ 12 ಹೋತ, ಒಂದು ಹೆಣ್ಣಾಡು ಹೋದವು. ಆ ಹೋತಗಳಿಗೆ ಮರಿ ಹುಟ್ಟಿಸಲು ಆಗದ ಹಾಗೆ ಮಾಡಿ ಕಳಿಸಿದ್ದರು. ಆದರೆ ಆ ಹೆಣ್ಣಾಡು ಗಬ್ಬವಾಗಿತ್ತು, ದಾರಿಯಲ್ಲೇ ಗಂಡು ಮರಿ ಹಾಕಿತು. ಅಲ್ಲಿಯ ಮೊಹೇರ್ ಶುರುವಾದದ್ದು ಆ ತಾಯಿ ಮಗನಿಂದ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಮೊಹೇರ್ ಬರುವುದು ಅದೇ ದೇಶದಿಂದ.

ಕೈನೂಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮರದ ಹೊಟ್ಟು ತೆಗೆಸುತ್ತಿದ್ದೇನೆ. ಬಲೆ ಇಳಿಸಿದ್ದಾಯಿತು. ಕೊಡುವವರಿಗೆ ಫೋನ್ ಮಾಡಿ ಕತ್ತರಿಸುವುದು ಬೇಡ ಅಂದೆ. ರಕ್ತ ಪರೀಕ್ಷೆಯ ಕಾಗದ ಅವರ ಹತ್ತಿರ ಇದೆಯಂತೆ, ಕಳಿಸುತ್ತಾರೆ. ಎರಡು ಹೊರೆ ಹುಲ್ಲನ್ನೂ ಕೊಡುತ್ತಾರೆ.

ಉಳಿದದ್ದು ಒಂಟಿತನದ ಪ್ರಶ್ನೆ. ಮೂವತ್ತು ದಿನ ಅವನು ಒಬ್ಬನೇ ಇರಬೇಕು ಅನ್ನುವುದು ನನಗೆ ಸಂಕಟ ಆಗುತ್ತಿದೆ. ಹುಟ್ಟಿದಾಗಿನಿಂದ ಮಂದೆಯಲ್ಲಿದ್ದವನು. ಜೊತೆಗೆ ನಮ್ಮ ಮುದುಕಿ ಆಡು ಹೊಸಬರನ್ನು ಸುಮ್ಮನೆ ಬಿಡುವವಳಲ್ಲ. ಹೊರಗಿನಿಂದ ಬಂದವಳನ್ನು ಇನ್ನೂ ಗೋದಲಿಯ ಹತ್ತಿರ ನಿಲ್ಲಲು ಬಿಡುವುದಿಲ್ಲ. ಆ ಮೂವರ ನಡುವೆ ಇವನನ್ನು ಸೇರಿಸುವುದು ಹೇಗೆ?

ಗೋದಲಿ:

ಸಂಕಟ ಆಗುವುದು ಸರಿಯೇ. ಆಡು ಒಂಟಿ ಇರುವ ಪ್ರಾಣಿ ಅಲ್ಲ. ಒಂಟಿ ಆಡು ಕೂಗುತ್ತದೆ, ಮೇವು ಬಿಡುತ್ತದೆ, ಬೇಲಿ ಹಾರುತ್ತದೆ. ಎಳೆಎಳೆ ಅವರು ಹೇಳದೆ ಬಿಟ್ಟ ಒಂದು ಮಾತು ಸೇರಿಸುತ್ತೇನೆ. ಆ ಸಂಕಟ ಕೂದಲಿನಲ್ಲೂ ಉಳಿಯುತ್ತದೆ. ಮೇವು ಬಿಟ್ಟ ದಿನಗಳಲ್ಲಿ, ಜ್ವರ ಬಂದ ದಿನಗಳಲ್ಲಿ ಬೆಳೆದ ಕೂದಲು ತೆಳ್ಳಗಾಗುತ್ತದೆ, ಎಳೆ ಅಲ್ಲಿಯೇ ತುಂಡಾಗುತ್ತದೆ.

ಎರಡು ದಾರಿ ಇದೆ. ಕೊಡುವವರ ಹತ್ತಿರವೇ ಇನ್ನೊಂದನ್ನು ಜೊತೆಗೆ ತರುವುದು ಒಂದು. ಒಟ್ಟಿಗೆ ಬೆಳೆದ ಎರಡು ಹೋತಗಳಾದರೆ ಬಹಳ ಒಳ್ಳೆಯದು. ನನ್ನನ್ನು ಕೇಳಿದರೆ ಇದೇ ಮಾಡಿ. ಒಂದಕ್ಕೆ ಮಾಡುವ ಕೆಲಸದ ಮೇಲೆ ಎರಡನೆಯದಕ್ಕೆ ಹೆಚ್ಚೇನೂ ಆಗುವುದಿಲ್ಲ. ಆಮೇಲೆ ಮಂದೆಗೆ ಸೇರಿಸುವಾಗಲೂ ಅವನ ಪಕ್ಕ ಒಬ್ಬ ಇರುತ್ತಾನೆ. ಅದಾಗದಿದ್ದರೆ, ಆ ಹೆದರಿಕೊಂಡೇ ಇರುವವಳನ್ನು ಅವನ ಜೊತೆ ಹಾಕಿ. ಆದರೆ ತಿಳಿದುಕೊಂಡೇ ಹಾಕಿ. ಅವನಿಗೆ ರೋಗ ಇದ್ದರೆ ಮೊದಲು ಅಂಟುವುದು ಅವಳಿಗೆ. ಅವಳೂ ಅಷ್ಟೂ ದಿನ ಆಚೆಯೇ ಇರಬೇಕು, ಮಧ್ಯೆ ವಾಪಸ್ ತರುವ ಹಾಗಿಲ್ಲ. ಅವಳು ಹಾಲು ಕೊಡುತ್ತಿದ್ದರೆ ಕೊನೆಗೆ ಕರೆಯಿರಿ.

ಹಳೇಮಂದೆ:

ಮಧ್ಯೆ ಬಂದೆ, ಕ್ಷಮಿಸಿ. ಎರಡನೇ ದಾರಿ ನನಗೆ ಒಪ್ಪಿಗೆ ಇಲ್ಲ. ರಕ್ತ ಪರೀಕ್ಷೆಯ ಕಾಗದ ಕೈಗೆ ಬಂದು, ಹಿಕ್ಕೆ ಪರೀಕ್ಷೆ ಆಗಿ, ಬಾಯಿ, ಗೊರಸು, ಗಂಟು ಎಲ್ಲ ನೋಡಿ ಸರಿ ಅನ್ನಿಸುವವರೆಗಾದರೂ ಕಾಯಿರಿ. ಜೋನ್ಸ್ ರೋಗ ವರ್ಷಗಟ್ಟಲೆ ಒಳಗೇ ಅಡಗಿ ಕೂರುತ್ತದೆ, ಹಿಕ್ಕೆಯಿಂದ ಹರಡುತ್ತದೆ. ಎಳೆಯ ಆಡಿನಲ್ಲಿ ಪರೀಕ್ಷೆಗೂ ಸಿಗದೇ ಇರಬಹುದು. ಹಾಗಾಗಿ ಅವನು ಇದ್ದ ಮಂದೆಯ ದೊಡ್ಡ ಆಡುಗಳ ಪರೀಕ್ಷೆ ಹೇಗಿದೆ ಅಂತ ಕೇಳುವುದು ಮುಖ್ಯ. ಅಲ್ಲಿಯವರೆಗೆ ನಿಮ್ಮ ಆಡುಗಳು ಕಣ್ಣಿಗೆ ಕಾಣುವ, ದನಿ ಕೇಳುವ ದೂರದಲ್ಲಿ ಇರಲಿ, ತಾಗುವ ದೂರದಲ್ಲಿ ಬೇಡ. ಅಷ್ಟಾದರೂ ಅವನಿಗೆ ಬಹಳ ಸಮಾಧಾನ. ಮೊದಲ ರಾತ್ರಿಗಳು ಕೂಗುತ್ತಾನೆ, ಅದು ಸಹಜ. ಮೇವು ಮುಟ್ಟದಿದ್ದರೆ ಮಾತ್ರ ಸಹಜ ಅಲ್ಲ.

ಗೋದಲಿ:

ಸರಿ ಅಣ್ಣಾ, ಪರೀಕ್ಷೆಯ ಕಾಗದ ಬಂದ ಮೇಲೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಎರಡನ್ನು ತರುವುದೇ ಮೇಲು ಅನ್ನುವುದನ್ನು ನಾನು ಬಿಡುವುದಿಲ್ಲ.

ಮಂದೆಗೆ ಸೇರಿಸುವ ದಿನದ ಬಗ್ಗೆ. ಮೊದಲು ಕೆಲವು ದಿನ ಬೇಲಿಯ ಆಚೆ ಈಚೆ ಇರಲಿ, ಈ ಸಲ ಮೂಸಿಕೊಳ್ಳಲು ಬಿಡಿ. ಬೇಲಿಯ ಮೂಲಕವೇ ಅರ್ಧ ಜಗಳ ಮುಗಿಯುತ್ತದೆ. ಆಮೇಲೆ ಬಯಲಿನಲ್ಲಿ ಸೇರಿಸಿ, ಕೊಟ್ಟಿಗೆಯಲ್ಲಿ ಅಲ್ಲ. ಬೆಳಿಗ್ಗೆ ಸೇರಿಸಿ, ದಿನವೆಲ್ಲ ನಿಮ್ಮ ಕಣ್ಣಿನ ಮುಂದೆ ಇರುತ್ತಾರೆ. ಎಲ್ಲರ ಹೊಟ್ಟೆ ತುಂಬಿರಲಿ. ಹುಲ್ಲನ್ನು ನಾಲ್ಕೈದು ಕಡೆ ದೂರ ದೂರ ಹಾಕಿ, ನೀರು ಎರಡು ಕಡೆ ಇಡಿ. ಮುದುಕಿ ಒಂದೇ ಹೊತ್ತಿಗೆ ಎಲ್ಲವನ್ನೂ ಕಾಯೋಕೆ ಆಗುವುದಿಲ್ಲ. ಓಡಿ ಹೋದರೆ ಸಿಕ್ಕಿಬೀಳುವಂಥ ಮೂಲೆಗಳಿದ್ದರೆ ಹಲಗೆ ಅಡ್ಡ ಇಟ್ಟು ಮುಚ್ಚಿ. ಹತ್ತಿ ನಿಲ್ಲಲು ಒಂದೆರಡು ದಿಮ್ಮಿಯೋ ಬಂಡೆಯೋ ಇದ್ದರೆ ಸೋತವನಿಗೆ ದಾರಿ ಸಿಗುತ್ತದೆ.

ಹಾಯುತ್ತಾರೆ. ಎರಡು ಕಾಲಿನ ಮೇಲೆ ಎದ್ದು ತಲೆಗೆ ತಲೆ ಕೊಡುತ್ತಾರೆ, ಶಬ್ದ ಕೇಳಿದರೆ ಎದೆ ಝಲ್ ಅನ್ನುತ್ತದೆ. ತಲೆಗೆ ತಲೆ ಕೊಟ್ಟರೆ ಬಿಡಿ, ನಡುವೆ ಹೋಗಬೇಡಿ. ಪಕ್ಕೆಗೆ, ಹೊಟ್ಟೆಗೆ ಹಾಯ್ದರೆ, ಬಿದ್ದವನನ್ನು ಬಿಡದೆ ಅಟ್ಟಿದರೆ ಬೇರೆ ಮಾಡಿ, ಮರುದಿನ ಮತ್ತೆ ಪ್ರಯತ್ನಿಸಿ. ನಿಮ್ಮ ಹೆಣ್ಣಾಡುಗಳಲ್ಲಿ ಯಾವುದಾದರೂ ಗಬ್ಬವಾಗಿದ್ದರೆ ಮರಿ ಹಾಕುವವರೆಗೆ ಸೇರಿಸಬೇಡಿ. ನಿಮ್ಮವಕ್ಕೆ ಕೊಂಬಿಲ್ಲ, ಅವನಿಗಿದೆ ಅಂದರೆ ಇನ್ನೂ ಎಚ್ಚರ ಬೇಕು. ಒಂದು ಮಾತು ಖಂಡಿತ. ಅಂಗೋರಾ ಸ್ವಭಾವದಲ್ಲಿ ಮೆತ್ತಗೆ. ಹಾಲಿನ ಆಡುಗಳು ದಬ್ಬಿದರೆ ಇವನು ಹಿಂದೆ ಸರಿದು ನಿಲ್ಲುತ್ತಾನೆ, ಜಗಳವೇ ಕಾಣುವುದಿಲ್ಲ. ನೀವು ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೀರಿ. ಅವನು ಹಸಿದುಕೊಂಡು ನಿಂತಿರುತ್ತಾನೆ. ಹಳೇಮಂದೆ ಅವರು ಹೇಳಿದ ಹಾಗೆ ಕೂದಲು ಅದನ್ನೆಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ಮಂದೆಗೆ ಸೇರಿಸಿದ ಮೇಲೆ ಬೆನ್ನು ಮುಟ್ಟಿ ನೋಡುವುದನ್ನು ಇನ್ನೂ ಹೆಚ್ಚು ಮಾಡಿ. ನಿಮ್ಮವರಿಗೆ ಹಿಂಡಿ ಕೊಡುವಾಗ ಅವನನ್ನು ಬೇರೆ ಬಾಗಿಲಲ್ಲಿ ಕಟ್ಟಿ, ಅವನ ಸೊಪ್ಪು ಅವನಿಗೆ ಹಾಕಿ. ಹೇಗೂ ಹಿಂಡಿ ಅವನಿಗೆ ಬೇಡ. ಎರಡೂ ಕೆಲಸ ಒಂದೇ ಸಲ ಆಗುತ್ತದೆ.

ಕೈನೂಲು:

ಕೊಡುವವರನ್ನು ಮತ್ತೆ ಕೇಳಿದೆ. ಇವನ ಜೊತೆಗೇ ಬೆಳೆದ ಇನ್ನೊಬ್ಬ ಇದ್ದಾನಂತೆ, ಬೂದು ಬಣ್ಣ, ಇವನಿಗಿಂತ ಸ್ವಲ್ಪ ಗಿಡ್ಡ. ಅವನನ್ನೂ ತರುತ್ತಿದ್ದೇನೆ. ಹಳೆಯ ಸೌದೆ ಮನೆಯನ್ನು ಅವರಿಬ್ಬರಿಗೆ ಬಿಟ್ಟುಕೊಡುತ್ತೇನೆ. ಚಾವಣಿ ಸೋರುವುದಿಲ್ಲ, ಅಲ್ಲಿಂದ ನಮ್ಮ ಆಡುಗಳು ಕಾಣುತ್ತವೆ, ತಾಗುವುದಿಲ್ಲ. ಗೋಡೆಯ ಪಕ್ಕದ ಕಣಗಿಲೆ ಗಿಡವನ್ನು ಬುಡಸಮೇತ ಕೀಳಿಸಿದೆ, ಎಲೆಯನ್ನೂ ಗುಡಿಸಿ ತೆಗೆಸಿದೆ.

ಎಳೆಎಳೆ ಅವರಿಗೆ ಒಂದು ಪ್ರಶ್ನೆ. ಈ ಸಲದ ಕೂದಲಲ್ಲಿ ಪಯಣದ ಗುರುತು ಉಳಿದಿದೆಯಾ ಅಂತ ಕತ್ತರಿಸಿದ ಮೇಲೆ ಹೇಗೆ ತಿಳಿಯುವುದು?

ಎಳೆಎಳೆ:

ಕಣಗಿಲೆ ಕಿತ್ತದ್ದು ಒಳ್ಳೆಯದಾಯಿತು, ಅದು ಒಣಗಿದ ಮೇಲೂ ವಿಷವೇ.

ಒಂದು ಸಣ್ಣ ಗೊಂಚಲು ಕೂದಲು ತೆಗೆದುಕೊಳ್ಳಿ. ಬುಡವನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಕಿವಿಯ ಹತ್ತಿರ ತಂದು ಫಟ್ ಅಂತ ಎಳೆಯಿರಿ. ಗಟ್ಟಿ ಕೂದಲಾದರೆ ತಂತಿ ಮೀಟಿದ ದನಿ ಬರುತ್ತದೆ. ಚಟಚಟ ಅಂದರೆ ಎಳೆಗಳು ತುಂಡಾಗುತ್ತಿವೆ ಅಂತ. ಎಲ್ಲ ಒಂದೇ ಕಡೆ ತುಂಡಾದರೆ ಆ ಜಾಗವನ್ನು ಬುಡದಿಂದ ಅಳೆಯಿರಿ. ತಿಂಗಳಿಗೆ 2 ಸೆಂಟಿಮೀಟರ್ ಲೆಕ್ಕ ಹಾಕಿದರೆ ಯಾವಾಗ ಏನಾಯಿತು ಅಂತ ತಿಳಿಯುತ್ತದೆ. ಬುಡದಿಂದ 4 ಸೆಂಟಿಮೀಟರ್ ಹತ್ತಿರ ಇದ್ದರೆ ಅದು ನಿಮ್ಮ ಮನೆಗೆ ಬಂದ ದಿನಗಳದ್ದು. ಭುಜ, ಪಕ್ಕೆ, ತೊಡೆ ಮೂರು ಕಡೆಯಿಂದ ತೆಗೆದು ನೋಡಿ. ತುಂಡಾಗುವ ಕೂದಲನ್ನು ನೂಲಲು ಇಡಬೇಡಿ, ಬಾಚುವಾಗ ಎಲ್ಲ ಗಂಟಾಗುತ್ತದೆ. ಅದನ್ನು ಒತ್ತಿ ಕಂಬಳಿ ಮಾಡುವ ಕೆಲಸಕ್ಕೋ, ದಿಂಬಿಗೆ ತುಂಬಲಿಕ್ಕೋ ಬಳಸಿ. ಬೂದು ಬಣ್ಣದವನದ್ದನ್ನು ಬೇರೆ ಚೀಲದಲ್ಲಿ ಹಾಕಿ. ಕತ್ತರಿಸುವಾಗ ಬಿಳಿಯವನನ್ನು ಮೊದಲು ಕತ್ತರಿಸಿ, ನೆಲ ಗುಡಿಸಿ, ಆಮೇಲೆ ಅವನನ್ನು. ಬಿಳಿಯ ಜೊತೆ ಬೂದು ಎಳೆ ಸೇರಿದರೆ ಆರಿಸಿ ತೆಗೆಯಲು ಆಗುವುದಿಲ್ಲ.